ಅಪ್ಪ ಅಮ್ಮ ಊರಿನಿಂದ ಬರುವ ವಾರವೇ ಅನಿಮೆ ಎನ್‌ವೈಸಿ. ಹೋಗಲೋ ಬೇಡವೋ?

ಎಡಿಸನ್_ಹುಡುಗ (10 ನವೆಂಬರ್ 2021)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಈ ತಿಂಗಳು 19ರಿಂದ 21ರವರೆಗೆ ಮ್ಯಾನ್‌ಹಟನ್‌ನ ಜಾವಿಟ್ಸ್ ಸೆಂಟರ್‌ನಲ್ಲಿ ಅನಿಮೆ ಎನ್‌ವೈಸಿ ಇದೆ (ಜಪಾನಿ ಅನಿಮೇಷನ್ ಅಭಿಮಾನಿಗಳ ಮೇಳ, ಇಂಥದ್ದಕ್ಕೆ ನಾವು ಕಾನ್ ಅನ್ನುವುದು). ಮೂರೂ ದಿನದ ಟಿಕೆಟ್ ಬೇಸಿಗೆಯಲ್ಲೇ ತೆಗೆದುಕೊಂಡಿದ್ದೆ. ಆಗ ಎಲ್ಲರಿಗೂ ಲಸಿಕೆ ಆಗಿತ್ತು, ಕೇಸುಗಳು ಇಳಿದಿದ್ದವು, ಇನ್ನೇನು ಮುಗಿಯಿತು ಅಂತ ಖುಷಿಯಲ್ಲಿದ್ದೆವು. ಆಮೇಲೆ ಡೆಲ್ಟಾ ಬಂತು. ಆದರೂ ಹೋಗೇ ಹೋಗುತ್ತೇನೆ ಅಂದುಕೊಂಡಿದ್ದೆ. ಹೋದ ವರ್ಷವಂತೂ ನಡೆಯಲೇ ಇಲ್ಲ, ಅಲ್ವಾ.

ಈಗ ವಿಷಯ ಬೇರೆ ಆಗಿದೆ. ಮೇ ತಿಂಗಳಿಂದ ಭಾರತದವರಿಗೆ ಇಲ್ಲಿಗೆ, ಅಮೆರಿಕಕ್ಕೆ, ಬರಲು ಇದ್ದ ನಿರ್ಬಂಧ ಮೊನ್ನೆ 8ಕ್ಕೆ ತೆಗೆದರು, ಎರಡು ಡೋಸ್ ಆದವರು ಬರಬಹುದು. ಅಮ್ಮ ಹಾಕಿಸಿಕೊಂಡಿದ್ದು ಕೋವಿಶೀಲ್ಡ್, ಅಪ್ಪ ಕೋವ್ಯಾಕ್ಸಿನ್. (ಒಂದೇ ಮನೆಯಲ್ಲಿ ಎರಡು ಬಗೆ ಯಾಕೆ ಅಂತ ಕೇಳಬೇಡಿ. ಆವತ್ತು ಆ ಸೆಂಟರಿನಲ್ಲಿ ಏನಿತ್ತೋ ಅದು.) ಕೋವ್ಯಾಕ್ಸಿನ್‌ಗೆ ಡಬ್ಲ್ಯೂಎಚ್‌ಒ ಒಪ್ಪಿಗೆ ಸಿಕ್ಕಿದ್ದೇ 3ನೇ ತಾರೀಕು. ಅದು ಸಿಕ್ಕ ಮೇಲೇ ಟಿಕೆಟ್ ಬುಕ್ ಮಾಡಿದೆವು. ಇಬ್ಬರೂ ಈ ಭಾನುವಾರ, 14ಕ್ಕೆ, ನೂವರ್ಕ್‌ಗೆ ಬಂದಿಳಿಯುತ್ತಾರೆ. ಶುಕ್ರವಾರ ಕಾನ್ ಶುರು.

ಅಪ್ಪನಿಗೆ 69. ಶುಗರ್ ಇದೆ, ಬಿಪಿ ಇದೆ. ಎರಡನೇ ಡೋಸ್ ಆಗಿ ಆಗಲೇ ನಾಲ್ಕು ತಿಂಗಳು ದಾಟಿದೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಅವಳ ವಯಸ್ಸಿಗೆ ಲಸಿಕೆ ಇನ್ನೂ ಬಂದಿಲ್ಲ, ಮೊನ್ನೆ ಬಂದಿದ್ದು ಐದು ವರ್ಷ ಆದವರಿಗೆ. ಅಜ್ಜ ಅಜ್ಜಿ ಅವಳನ್ನು ಇದುವರೆಗೆ ಫೋನಿನಲ್ಲಿ ಬಿಟ್ಟರೆ ಸರಿಯಾಗಿ ನೋಡಿಯೇ ಇಲ್ಲ. ಬಂದ ದಿನದಿಂದ ಅವಳು ಅವರ ತೊಡೆ ಬಿಟ್ಟು ಇಳಿಯುವುದಿಲ್ಲ, ಅದು ಗ್ಯಾರಂಟಿ.

ಇನ್ನೊಂದು ಕಡೆ, ಬೇಸ್‌ಮೆಂಟಿನಲ್ಲಿ ಕೂತು ಫೋಮ್ ಕತ್ತರಿಸಿ, ಹಾಟ್ ಗ್ಲೂನಲ್ಲಿ ಬೆರಳು ಸುಟ್ಟುಕೊಂಡು, ಇಡೀ ಚಳಿಗಾಲ ಕಾನ್‌ನ ವೇಷಕ್ಕೆ ಒಂದು ಕವಚ ಮಾಡಿದ್ದೇನೆ. ಭುಜದ ತುಂಡು, ಮೊಣಕಾಲಿನ ತುಂಡು, ಶಿರಸ್ತ್ರಾಣ, ಎಲ್ಲ. ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗಲಿ ಹೇಳಿ, ಪಟೇಲ್ ಬ್ರದರ್ಸ್‌ಗೆ ಕೊತ್ತಂಬರಿ ತರಲಿಕ್ಕಾ?

ಒಳಗೆ ಬರುವವರಿಗೆಲ್ಲ ಲಸಿಕೆ ಆಗಿರಬೇಕು (ಒಂದು ಡೋಸ್ ಆದರೂ ಸಾಕಂತೆ), ಮಾಸ್ಕ್ ಕಡ್ಡಾಯ. ಹೆಂಡತಿಯನ್ನು ಕೇಳಿದರೆ "ನಿಮ್ಮಿಷ್ಟ" ಅಂದಳು. ಅದರ ಅರ್ಥ ಮದುವೆಯಾದವರಿಗೆ ಗೊತ್ತು.

ಈ ಎರಡು ವರ್ಷದಲ್ಲಿ ಇಂಥ ದೊಡ್ಡ ಕಾನ್‌ಗೆ ಹೋಗಿ ಬಂದವರು ಇದ್ದರೆ ಹೇಳಿ. ಹೋಗಬೇಡ ಅನ್ನುವವರೂ ಹೇಳಿ, ಬೇಜಾರಿಲ್ಲ.


ಸಾಲಿನಲ್ಲಿ_ನಿಂತವ (10 ನವೆಂಬರ್ 2021)

ನಾನು ಹೋದ ತಿಂಗಳು ನ್ಯೂಯಾರ್ಕ್ ಕಾಮಿಕ್ ಕಾನ್‌ಗೆ ಹೋಗಿದ್ದೆ. ಅಕ್ಟೋಬರ್ 7ರಿಂದ 10, ಇದೇ ಜಾವಿಟ್ಸ್. ಕಂಡಿದ್ದನ್ನು ಹೇಳುತ್ತೇನೆ, ತೀರ್ಮಾನ ನಿಮ್ಮದು.

ಮೊದಲು ಹೊರಗೆ ಸಾಲು. ಲಸಿಕೆ ಕಾರ್ಡು, ಗುರುತಿನ ಚೀಟಿ ಎರಡೂ ನೋಡಿಯೇ ಮುಂದೆ ಬಿಟ್ಟರು. ಸುಮ್ನೆ ಕಣ್ಣಾಡಿಸಿ ಕಳಿಸಲಿಲ್ಲ, ಹೆಸರು ತಾಳೆ ನೋಡಿದರು. ಸಾಲು ಉದ್ದ ಇತ್ತು, ಎಲ್ಲರೂ ಗೊಣಗುತ್ತಿದ್ದರು. ನನ್ನ ಪ್ರಕಾರ ಇಡೀ ದಿನದಲ್ಲಿ ಅತಿ ಕಡಿಮೆ ಅಪಾಯದ ಜಾಗ ಅದೇ. ಹಡ್ಸನ್ ನದಿ ಕಡೆಯಿಂದ ಗಾಳಿ ಬೀಸುತ್ತಿರುತ್ತದೆ, ತಲೆ ಮೇಲೆ ಆಕಾಶ, ಕೊರೋನಾ ಅಲ್ಲಿ ಏನು ಮಾಡೀತು?

ಒಳಗೆ ಮಾಸ್ಕ್ ವಿಚಾರದಲ್ಲಿ ಜನ ನಾನಂದುಕೊಂಡಿದ್ದಕ್ಕಿಂತ ಚೆನ್ನಾಗಿದ್ದರು. ಕಾಸ್‌ಪ್ಲೇ (ಅನಿಮೆ, ಕಾಮಿಕ್ ಪಾತ್ರಗಳ ವೇಷ) ಮಾಡುವವರಲ್ಲಿ ಕೆಲವರು ವೇಷಕ್ಕೆ ಹೊಂದುವ ಬಣ್ಣದಲ್ಲೇ ಮಾಸ್ಕ್ ಹೊಲಿಸಿಕೊಂಡಿದ್ದರು. ಕೆಡುವುದು ಎರಡೇ ಕಡೆ. ಒಂದು, ಫೋಟೋ. ಕ್ಯಾಮೆರಾ ಎತ್ತಿದ ಕೂಡಲೇ ಮಾಸ್ಕ್ ಗದ್ದಕ್ಕೆ ಇಳಿಯುತ್ತದೆ. ಆರು ಜನ ಭುಜಕ್ಕೆ ಭುಜ ತಾಗಿಸಿ ನಿಂತು, ಎಲ್ಲರೂ ಒಟ್ಟಿಗೆ ಇಳಿಸಿ, ನಗುತ್ತಾರೆ. ಎರಡು, ಊಟದ ಜಾಗ. ಅಲ್ಲಿ ಮಾಸ್ಕ್ ಹಾಕಿ ತಿನ್ನಲಿಕ್ಕಾಗುತ್ತದಾ? ಪಿಜ್ಜಾ ಹಿಡಿದುಕೊಂಡು ಗೋಡೆಗೆ ಒರಗಿ ನೆಲದ ಮೇಲೆ ಕೂತವರು ಸಾಲು ಸಾಲು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದು ಬಂದೆ.

ಇನ್ನೊಂದು ಮಾತು. ಕಾನ್‌ಗೆ ಹೋಗಿ ಬಂದವರಿಗೆ ಮಾರನೇ ವಾರ ನೆಗಡಿ ಕೆಮ್ಮು ಬರುವುದು ಹಳೇ ಸಂಪ್ರದಾಯ, ಅದಕ್ಕೆ ಕಾನ್ ಕ್ರಡ್ ಅಂತ ಹೆಸರೇ ಇದೆ. 2009ರಲ್ಲಿ ಸಿಯಾಟಲ್‌ನ ಪ್ಯಾಕ್ಸ್ ಅನ್ನುವ ವಿಡಿಯೋ ಗೇಮ್ ಕಾನ್‌ನಲ್ಲಿ ಎಚ್1ಎನ್1 ಹರಡಿ, ಹೋದವರಲ್ಲಿ ಹಲವರು ಒಬ್ಬರಿಗೊಬ್ಬರು ಜ್ವರ ಹಂಚಿಕೊಂಡರು. ಹಾಗಾಗಿ ದೊಡ್ಡ ಹಾಲ್, ಎತ್ತರದ ಸೂರು ಅಂತ ಮಾತ್ರ ನಂಬಿಕೊಂಡು ಹೋಗಬೇಡಿ. ನನಗೆ ಈ ಸಲ ನೆಗಡಿ ಕೂಡ ಬರಲಿಲ್ಲ, ಮಾಸ್ಕಿನ ಪುಣ್ಯ.

ನಾನಾಗಿದ್ದರೆ ಶುಕ್ರವಾರ ಒಂದೇ ದಿನ ಹೋಗುತ್ತಿದ್ದೆ. ಶನಿವಾರ ಬೇಡವೇ ಬೇಡ, ಜನ ಜಾಸ್ತಿ. ಎನ್95 ಹಾಕಿ. ಶಿರಸ್ತ್ರಾಣದ ಒಳಗೆ ಹಾಕಿದರೆ ಕನ್ನಡಕ ಮಂಜಾಗುತ್ತದೆ, ಲೆನ್ಸ್ ಇದ್ದರೆ ಹಾಕಿಕೊಳ್ಳಿ.


ರಾತ್ರಿಪಾಳಿ_ನರ್ಸ್ (11 ನವೆಂಬರ್ 2021)

ನಾನು ಕ್ವೀನ್ಸ್‌ನಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಉತ್ತರ ಚಿಕ್ಕದು, ಹೋಗಬೇಡಿ. ಕಾರಣ ಉದ್ದ ಇದೆ.

ನೀವು ಕೇಳುತ್ತಿರುವುದು ಹಾಲ್ ಸೇಫಾ ಅಂತ. ನಿಮಗೆ 35 ಇರಬಹುದು, ಲಸಿಕೆ ಆಗಿದೆ. ನಿಮಗೆ ಬಂದರೆ ಮೂರು ದಿನ ಜ್ವರ, ಮೈಕೈ ನೋವು, ಮುಗಿಯಿತು. ಅದೇ ವೈರಸ್ಸು ನಿಮ್ಮಪ್ಪನಿಗೆ ಹೋದರೆ ಲೆಕ್ಕವೇ ಬೇರೆ. ಲಸಿಕೆ ಆಸ್ಪತ್ರೆಗೆ ಹೋಗುವುದನ್ನು ಬಹಳ ತಪ್ಪಿಸುತ್ತದೆ, ಸೋಂಕನ್ನು ಪೂರ್ತಿ ತಪ್ಪಿಸುವುದಿಲ್ಲ. ತಿಂಗಳು ಕಳೆದಂತೆ ಅದರ ಬಲವೂ ಇಳಿಯುತ್ತದೆ. ವಯಸ್ಸಾದವರಲ್ಲಿ, ಶುಗರ್ ಇದ್ದವರಲ್ಲಿ ಇನ್ನೂ ಬೇಗ. ಬೂಸ್ಟರ್ ನಿಮ್ಮ ವಯಸ್ಸಿನ ಎಲ್ಲರಿಗೂ ಇನ್ನೂ ತೆರೆದಿಲ್ಲ.

ಈಗ ಯಾರೂ ಕೇಳದ ಪ್ರಶ್ನೆ. ಅಪ್ಪ ಅಮ್ಮನಿಗೆ ಯಾವ ವಿಮೆ ಮಾಡಿಸಿದ್ದೀರಿ? ಹೋಗಿ ಕಾಗದ ತೆಗೆದು ಓದಿ. ಇಲ್ಲಿಗೆ ಬರುವವರಿಗೆ ಮಾಡಿಸುವ ವಿಮೆಯಲ್ಲಿ ಮುಖ್ಯವಾಗಿ ಎರಡು ಬಗೆ. ಅಗ್ಗದ್ದರಲ್ಲಿ ಆಸ್ಪತ್ರೆ ವಾಸಕ್ಕೆ ದಿನಕ್ಕೆ ಇಷ್ಟು, ಐಸಿಯುಗೆ ಇಷ್ಟು ಅಂತ ಗೆರೆ ಹಾಕಿಬಿಟ್ಟಿರುತ್ತಾರೆ, ಬಿಲ್ಲು ಅದರ ಎಷ್ಟು ಪಟ್ಟು ಬಂದರೂ ಅವರು ಕೊಡುವುದು ಅಷ್ಟೇ. ದುಬಾರಿಯದರಲ್ಲಿ ಡಿಡಕ್ಟಿಬಲ್ (ಮೊದಲು ನಾವೇ ಕಟ್ಟಬೇಕಾದ ಮೊತ್ತ) ಕಳೆದು ಪಾಲಿಸಿಯ ಮಿತಿವರೆಗೆ ಬಿಲ್ಲಿನ ಹೆಚ್ಚಿನ ಭಾಗ ಕೊಡುತ್ತಾರೆ. ಅದರಲ್ಲೂ ಕೋವಿಡ್ ಸೇರಿದೆಯಾ ಅಂತ ನೋಡಬೇಕು, ಕೆಲವದರಲ್ಲಿ ಇಲ್ಲ. ಮೊದಲೇ ಇದ್ದ ಕಾಯಿಲೆಯಂತೂ ಸಾಮಾನ್ಯವಾಗಿ ಹೊರಗೆ. ಕೋವಿಡ್ ಬಂದು ಶುಗರ್ ನಾನೂರು ದಾಟಿತು ಅಂದುಕೊಳ್ಳಿ, ಅದು ಕೋವಿಡ್‌ನ ಖರ್ಚೋ ಶುಗರ್‌ನ ಖರ್ಚೋ ಅಂತ ವಿಮೆಯವರು ತಕರಾರು ತೆಗೆಯುತ್ತಾರೆ. ಬಿಲ್ಲು ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತ ಮಕ್ಕಳನ್ನು ನಾನು ನೋಡಿದ್ದೇನೆ. ಹೆಚ್ಚಿನವರು ನಮ್ಮ ಕಡೆಯವರೇ.

ಜಾವಿಟ್ಸ್ ಅಂದರೆ ನಿಮಗೆಲ್ಲ ಕಾನ್ ನೆನಪಾಗುತ್ತದೆ. 2020ರ ಮಾರ್ಚ್ ಕೊನೆಗೆ ಅಲ್ಲಿ ಹಾಸಿಗೆ ಹಾಕಿ ಆಸ್ಪತ್ರೆ ಮಾಡಿದ್ದರು, ಸೈನ್ಯದವರು ನಡೆಸುತ್ತಿದ್ದರು. ಈ ವರ್ಷ ಜನವರಿಯಿಂದ ಕೆಲವು ತಿಂಗಳು ಲಸಿಕೆ ಕೇಂದ್ರ ಆಗಿತ್ತು. ನಾನೇ ನನ್ನ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕಟ್ಟಡದ ಮೇಲೆ ಕೋಪವಿಲ್ಲ. ನಿಮ್ಮಪ್ಪ ವಿಮಾನ ಇಳಿದು ಐದು ದಿನವೂ ಆಗಿರುವುದಿಲ್ಲ, ನಿದ್ದೆ ಸರಿಹೋಗಿರುವುದಿಲ್ಲ, ಮಾತ್ರೆಯ ಹೊತ್ತು ಏರುಪೇರಾಗಿರುತ್ತದೆ. ಆ ವಾರವೇ ಬೇಕಾ ನಿಮಗೆ?


ಕಲಬುರ್ಗಿ_ಖಾರ (11 ನವೆಂಬರ್ 2021)

ಏನ್ರಿ ಇದು, ನರ್ಸ್ ಅಕ್ಕ ಹೇಳಿದ್ದು ಎಲ್ಲ ಸರಿ, ಆದರೆ ಒಂದು ಮಾತು ಕೇಳುತ್ತೇನೆ.

ಇದೇ ತಿಂಗಳು ಊರೂರಿನ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವ, ದೀಪಾವಳಿ. ಶಾಲೆಯ ಹಾಲ್ ಬಾಡಿಗೆಗೆ ಹಿಡಿದು, ಕಿಟಕಿ ಮುಚ್ಚಿ, ಹೀಟರ್ ಹಾಕಿ, ಮುನ್ನೂರು ಜನ ಬಿಸಿಬೇಳೆಬಾತಿಗೆ ಸಾಲು ನಿಲ್ಲುತ್ತೇವೆ. ಯಾರ ಲಸಿಕೆ ಕಾರ್ಡೂ ಯಾರೂ ಕೇಳಲ್ಲ, ಮಾಸ್ಕು ಜೇಬಿನಲ್ಲಿ. ವೇದಿಕೆ ಮೇಲೆ ಮೈಕ್ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ ಅಂದ ಕೂಡಲೇ ಮೊದಲು ಕರೆದುಕೊಂಡು ಹೋಗುವುದೇ ಅಲ್ಲಿಗೆ, ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಅದರ ಬಗ್ಗೆ ಯಾರೂ ಇಲ್ಲಿ ಪ್ರಶ್ನೆ ಹಾಕಲ್ಲ. ಮಗ ಒಂದು ದಿನ ವೇಷ ಹಾಕಿಕೊಂಡು ಹೋಗುತ್ತೇನೆ ಅಂದರೆ ಮಾತ್ರ ಮಹಾಪಾಪ!

ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಆಗಿದ್ದು ನಮ್ಮೂರಲ್ಲೇ, 2020ರ ಮಾರ್ಚ್‌ನಲ್ಲಿ. ಭಯ ಅಂದರೆ ಏನು ಅಂತ ನಮಗೆ ಮೊದಲೇ ಗೊತ್ತಾಗಿದೆ. ಹೋಗಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಕಾನ್‌ಗೆ ಹಾಕುವ ಅಳತೆಗೋಲು ಕೂಟಕ್ಕೂ ಹಾಕಿ ಅಂತೀನಿ, ಅಷ್ಟೇ.


ರಾತ್ರಿಪಾಳಿ_ನರ್ಸ್ (11 ನವೆಂಬರ್ 2021)

ಖಾರ ಅವರೇ, ನೂರಕ್ಕೆ ನೂರು ಒಪ್ಪಿದೆ. ಕೂಟಕ್ಕೂ ಕರೆದುಕೊಂಡು ಹೋಗಬೇಡಿ. ಬಿಸಿಬೇಳೆಬಾತ್ ಮನೆಗೇ ಕಟ್ಟಿಸಿಕೊಂಡು ಬನ್ನಿ.


ಬಣ್ಣದ_ಡಬ್ಬಿ (12 ನವೆಂಬರ್ 2021)

ನಾನು ಮೇಜಿನ ಆ ಕಡೆಯವಳು. ಆರ್ಟಿಸ್ಟ್ ಆ್ಯಲಿಯಲ್ಲಿ (ಕಾನ್‌ನಲ್ಲಿ ಕಲಾವಿದರು ಮೇಜು ಹಾಕಿ ಮಾರುವ ಜಾಗ) ಪ್ರಿಂಟು, ಸ್ಟಿಕ್ಕರು, ಕೀಚೈನು ಮಾರುತ್ತೇನೆ. ಈ ಕಾನ್‌ಗೂ ಹೋಗುತ್ತಿದ್ದೇನೆ. ನನಗೆ ಆಯ್ಕೆ ಇಲ್ಲ ಅಂತಲ್ಲ, ಇದೆ, ಆದರೆ ನಿಮ್ಮಂಥದ್ದಲ್ಲ.

2020ರ ಮಾರ್ಚ್‌ನಲ್ಲಿ ಸಿಯಾಟಲ್‌ನ ಎಮರಾಲ್ಡ್ ಸಿಟಿ ಕಾಮಿಕ್ ಕಾನ್ ಶುರುವಾಗಲು ಒಂದು ವಾರವೂ ಇರಲಿಲ್ಲ, ಆಗ ಮುಂದೂಡಿದರು. ಅದಕ್ಕೂ ಮುಂಚೆ ದೊಡ್ಡ ಪ್ರಕಾಶಕರು ಒಬ್ಬೊಬ್ಬರಾಗಿ ನಾವು ಬರಲ್ಲ ಅಂತ ಹಿಂದೆ ಸರಿದಿದ್ದರು. ಅವರಿಗೆ ಅದೊಂದು ಪ್ರಕಟಣೆ ಸಾಕು. ನಮ್ಮಂಥವರು ಆಗಲೇ ಪ್ರಿಂಟ್ ಹಾಕಿಸಿ, ರದ್ದಾಗದ ಹೋಟೆಲ್ ರೂಮಿಗೆ ದುಡ್ಡು ಕಟ್ಟಿ ಕೂತಿದ್ದೆವು. ನಾನು ಆ ಸಲ ಹೋಗುವವಳಿರಲಿಲ್ಲ, ನನ್ನ ಗೆಳತಿ ಸಿಕ್ಕಿಬಿದ್ದಳು. ಆಮೇಲೆ ಸ್ಯಾನ್ ಡಿಯಾಗೊ ಕಾಮಿಕ್ ಕಾನ್ ತನ್ನ ಐವತ್ತು ವರ್ಷದಲ್ಲಿ ಮೊದಲ ಸಲ ರದ್ದಾಯಿತು. ಟೋಕಿಯೊದ ಕಾಮಿಕ್ ಮೇಳ ಕಾಮಿಕೆಟ್ ಕೂಡ ಆ ಮೇನಲ್ಲಿ ಮೊದಲ ಸಲ ನಿಂತಿತು. ಈ ಡಿಸೆಂಬರ್ ಕೊನೆಗೆ ಮತ್ತೆ ಮಾಡುತ್ತಾರೆ, ದಿನಕ್ಕೆ 55,000 ಜನ ಅಂತ ಮಿತಿ ಹಾಕಿದ್ದಾರೆ. 55 ಸಾವಿರ ಅಂದರೆ ಮಿತಿ! ಕಾಮಿಕೆಟ್ ಎಷ್ಟು ದೊಡ್ಡದು ಅಂತ ಇದರಲ್ಲೇ ಲೆಕ್ಕ ಹಾಕಿ.

ಆನ್‌ಲೈನ್ ಕಾನ್‌ಗಳೆಲ್ಲ ಆದವು. ಮಾತುಕತೆ ಕೇಳಲಿಕ್ಕೆ ಚೆನ್ನ. ಮಾರಾಟಕ್ಕೆ? ಏನೂ ಇಲ್ಲ. ಕಾನ್‌ನಲ್ಲಿ ಜನ ಸುಮ್ನೆ ನಡೆದು ಹೋಗುತ್ತಾ ಒಂದು ಚಿತ್ರ ಕಣ್ಣಿಗೆ ಬಿದ್ದು ನಿಲ್ಲುತ್ತಾರೆ, ಎತ್ತಿ ನೋಡುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, ಹತ್ತು ಡಾಲರ್ ಕೊಟ್ಟು ಹೋಗುತ್ತಾರೆ. ಇಂಟರ್‌ನೆಟ್ಟಿನಲ್ಲಿ ಹಾಗೆ ಯಾರೂ ನಡೆದು ಹೋಗುವುದಿಲ್ಲ.

ಆದರೂ, ಹುಡುಗ ಅವರೇ, ಕಲಾವಿದರಿಗೆ ಸಹಾಯ ಆಗಲಿ ಅಂತ ನೀವು ಬರಬೇಡಿ. ಮನೆಯಲ್ಲಿ ಇಂಥ ಅಪ್ಪ ಇಟ್ಟುಕೊಂಡು ಬಂದು ಒಂದು ಸ್ಟಿಕ್ಕರ್ ತಗೊಂಡು ಹೋದರೆ ನನಗೆ ಸಮಾಧಾನ ಆಗಲ್ಲ. ಮನೆಯಿಂದಲೇ ಆರ್ಡರ್ ಮಾಡಿ, ಅಂಚೆಯಲ್ಲಿ ಕಳಿಸುತ್ತೇನೆ.

ನಾನು ಏನು ಮಾಡುತ್ತೇನೆ ಅಂದರೆ: ಬೆಳಗ್ಗೆ ಹೊಟ್ಟೆ ತುಂಬ ತಿಂದು ಹೊರಡುವುದು. ಮೇಜಿನ ಮೇಲೆ ಸಣ್ಣ ಫ್ಯಾನು, ಗಾಳಿ ನನ್ನ ಕಡೆಯಿಂದ ಹೊರಕ್ಕೆ ಹೋಗುವ ಹಾಗೆ. ಅದು ಎಷ್ಟು ಕೆಲಸಕ್ಕೆ ಬರುತ್ತದೋ, ಸೆಖೆಗಂತೂ ಆಗುತ್ತದೆ. ಮಧ್ಯಾಹ್ನ ಪಕ್ಕದ ಮೇಜಿನವರನ್ನು ನೋಡಿಕೊಳ್ಳಿ ಅಂತ ಹೇಳಿ ಹೊರಗೆ ಹೋಗಿ ತಿನ್ನುವುದು. ಸಂಜೆ ಯಾರು ಎಲ್ಲಿಗೆ ಕರೆದರೂ ಇಲ್ಲ ಅನ್ನುವುದು. ಕಷ್ಟದ್ದು ಇದೇ ಕೊನೆಯದು. ವರ್ಷಕ್ಕೊಮ್ಮೆ ಸಿಗುವ ಗೆಳೆಯರು, ಕಾನ್‌ಗೆ ಅರ್ಧ ಜನ ಬರುವುದೇ ಅದಕ್ಕೆ. ಹಾಲ್‌ನಲ್ಲಿ ಇಡೀ ದಿನ ಮಾಸ್ಕ್ ಹಾಕಿ ಜೋಪಾನ ಮಾಡಿ, ರಾತ್ರಿ ಇಕ್ಕಟ್ಟಿನ ರೆಸ್ಟೋರೆಂಟಿನಲ್ಲಿ ಹತ್ತು ಜನ ಮುಖಕ್ಕೆ ಮುಖ ಕೊಟ್ಟು ಕೂತು ಎರಡು ಗಂಟೆ ಕಿರುಚಾಡಿದರೆ ಏನು ಬಂತು?


ಎಡಿಸನ್_ಹುಡುಗ (16 ನವೆಂಬರ್ 2021)

ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಅಮ್ಮ ಬಂದಾಯಿತು. ಮಗಳು ಮೊದಲ ಅರ್ಧ ಗಂಟೆ ಸೋಫಾ ಹಿಂದೆ ಅಡಗಿದ್ದಳು, ಈಗ ಅಜ್ಜನ ಕನ್ನಡಕ ಅವಳ ಮೂಗಿನ ಮೇಲಿದೆ.

ನರ್ಸ್ ಅಕ್ಕ, ವಿಮೆ ಕಾಗದ ತೆಗೆದು ನೋಡಿದೆ. ಅಗ್ಗದ್ದೇ. ಬದಲಾಯಿಸಿದೆ, ಕೋವಿಡ್ ಸೇರಿರುವುದನ್ನೇ ತಗೊಂಡೆ. ಈ ಥ್ರೆಡ್‌ನಿಂದ ಅದೊಂದು ಆದರೂ ಸಾಕು ನನಗೆ.

ಕಾನ್ ವಿಚಾರ. ಅಮ್ಮನಿಗೆ ಆಫೀಸ್ ಕೆಲಸ ಅಂತ ಹೇಳೋಣ ಅಂದುಕೊಂಡಿದ್ದೆ, ಅಪ್ಪ ಬೇಸ್‌ಮೆಂಟಿಗೆ ಇಳಿದು ಕವಚ ನೋಡಿಬಿಟ್ಟರು. ಸುತ್ತ ಬಂದು, ಬೆರಳಲ್ಲಿ ತಟ್ಟಿ, "ಯಕ್ಷಗಾನದವರು ಇದಕ್ಕಿಂತ ಹಗುರ ಮಾಡುತ್ತಾರೆ" ಅಂದರು. ನಾವು ಸಾಗರದ ಕಡೆಯವರು, ಅಷ್ಟಾದರೂ ಹೇಳದಿದ್ದರೆ ಹೇಗೆ. ಆಮೇಲೆ ಎಲ್ಲ ಹೇಳಿದೆ. ಹೋಗಿ ಬಾ, ನಾವು ಆರು ತಿಂಗಳು ಇಲ್ಲೇ ಇರುತ್ತೇವಲ್ಲ ಅಂದರು. ಅಮ್ಮ ಮಾತ್ರ ಮುಖ ಊದಿಸಿಕೊಂಡಿದ್ದಾರೆ.

ಹಾಗಾಗಿ ಹೀಗೆ ಮಾಡೋಣ ಅಂತ. ಶುಕ್ರವಾರ ಒಂದೇ ದಿನ. ಎನ್95, ಒಳಗೆ ತಿನ್ನುವುದಿಲ್ಲ, ಸಂಜೆ ಗೆಳೆಯರ ಜೊತೆ ಎಲ್ಲಿಗೂ ಹೋಗುವುದಿಲ್ಲ. ಜರ್ಸಿ ಸಿಟಿಯಲ್ಲಿ ಸ್ನೇಹಿತನ ಅಪಾರ್ಟ್‌ಮೆಂಟ್ ಖಾಲಿ ಇದೆ, ಅವನು ಊರಿಗೆ ಹೋಗಿದ್ದಾನೆ. ಕಾನ್‌ನಿಂದ ಸೀದಾ ಅಲ್ಲಿಗೆ. ಹೇಗೂ ವರ್ಕ್ ಫ್ರಂ ಹೋಂ. ಸೋಮವಾರ ಒಂದು ಟೆಸ್ಟ್, ಬುಧವಾರ ಇನ್ನೊಂದು. ಎರಡೂ ನೆಗೆಟಿವ್ ಬಂದರೆ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಮನೆ. ಇಲ್ಲದಿದ್ದರೆ ಅಲ್ಲೇ. ಇದು ಸರಿಯಾ?


ರಾತ್ರಿಪಾಳಿ_ನರ್ಸ್ (16 ನವೆಂಬರ್ 2021)

ನಾನು ಈಗಲೂ ಬೇಡ ಅಂತಲೇ ಹೇಳುವುದು. ಆದರೆ ಹೋಗುವುದೇ ಆದರೆ ಇದು ತಕ್ಕ ಮಟ್ಟಿಗೆ ಸರಿಯಾದ ಕ್ರಮ. ಕೆಲವು ಮಾತು ಸೇರಿಸುತ್ತೇನೆ. ಶನಿವಾರ ಬೆಳಗ್ಗೆ ಟೆಸ್ಟ್ ಮಾಡಿ ನೆಗೆಟಿವ್ ಅಂತ ಕುಣಿಯಬೇಡಿ, ಅಷ್ಟು ಬೇಗ ಏನೂ ಗೊತ್ತಾಗುವುದಿಲ್ಲ. ಬುಧವಾರದ್ದು ಪಿಸಿಆರ್ ಮಾಡಿಸುವುದಾದರೆ ಹಬ್ಬದ ಮುಂಚೆ ಸಾಲು ಇರುತ್ತದೆ, ಫಲಿತಾಂಶವೂ ತಡ, ಈಗಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ರ‍್ಯಾಪಿಡ್ ಕಿಟ್ ಅಂಗಡಿಯಲ್ಲಿ ಕಂಡರೆ ಎರಡು ಡಬ್ಬಿ ಎತ್ತಿಟ್ಟುಕೊಳ್ಳಿ, ಕಂಡಾಗ ಸಿಕ್ಕಿತು ಅನ್ನುವ ಹಾಗಾಗಿದೆ. ಮನೆಗೆ ಬಂದ ಮೇಲೂ ಆ ವಾರಾಂತ್ಯದವರೆಗೆ ಅಪ್ಪನ ಹತ್ತಿರ ಮಾಸ್ಕ್.

ಮತ್ತೆ ಎಡಿಸನ್‌ನಿಂದ ಪೆನ್ ಸ್ಟೇಷನ್‌ವರೆಗೆ ರೈಲಿನಲ್ಲೂ ಅದೇ ಮಾಸ್ಕ್. ಬಟ್ಟೆಯದ್ದಲ್ಲ.


ಎಡಿಸನ್_ಹುಡುಗ (3 ಡಿಸೆಂಬರ್ 2021)

ನ್ಯೂಸ್ ನೋಡಿದಿರಾ? ಮಿನ್ನೆಸೋಟಾದ ಒಬ್ಬರಿಗೆ ಒಮಿಕ್ರಾನ್, ಅವರು ಬಂದಿದ್ದು ಇದೇ ಅನಿಮೆ ಎನ್‌ವೈಸಿಗೆ! ಲಸಿಕೆ ಆಗಿತ್ತು, ಬೂಸ್ಟರ್ ಕೂಡ ಆಗಿತ್ತು. 22ಕ್ಕೆ ರೋಗಲಕ್ಷಣ ಕಾಣಿಸಿಕೊಂಡಿದೆ. 53 ಸಾವಿರ ಜನ ಬಂದಿದ್ದರಂತೆ, ಹೋದವರೆಲ್ಲ ಟೆಸ್ಟ್ ಮಾಡಿಸಿ ಅಂತ ನಿನ್ನೆ ಹೇಳಿದರು.

ನನ್ನದು ಸೋಮವಾರ, ಬುಧವಾರ ಎರಡೂ ನೆಗೆಟಿವ್ ಇತ್ತು. ನಿನ್ನೆ ರಾತ್ರಿ ಮತ್ತೆ ಮಾಡಿದೆ, ನೆಗೆಟಿವ್. ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಮಗಳಿಗೆ ಮೂಗು ಸೋರುತ್ತಿತ್ತು, ಅವಳದೂ ಮಾಡಿಸಿದೆವು, ನೆಗೆಟಿವ್.

ನನ್ನ ಗುಂಪಿನ ನಾಲ್ಕು ಜನ ಶನಿವಾರ ರಾತ್ರಿ 32ನೇ ಬೀದಿಯಲ್ಲಿ ಕರಾವೋಕೆಗೆ ಹೋಗಿದ್ದರು. ಅವರಲ್ಲಿ ಒಬ್ಬನಿಗೆ ಪಾಸಿಟಿವ್ ಬಂತು. ಅಲ್ಲೇ ಅಂಟಿತೋ ಆಫೀಸಿನಲ್ಲೋ ದೇವರೇ ಬಲ್ಲ. ಜ್ವರ ಬಂದು ಹೋಯಿತು, ಈಗ ಆರಾಮಿದ್ದಾನೆ.

ತಮಾಷೆ ಏನೆಂದರೆ ಭಾರತದ ಮೊದಲ ಎರಡು ಒಮಿಕ್ರಾನ್ ಕೇಸು ನಿನ್ನೆಯೇ ಹೇಳಿದರು, ಎರಡೂ ಕರ್ನಾಟಕದಲ್ಲಿ. ಅಪ್ಪ ಬೆಳಗ್ಗೆಯಿಂದ ಕನ್ನಡ ಚಾನೆಲ್ ಹಾಕಿಕೊಂಡು ಕೂತು, ಬೆಂಗಳೂರಿನ ನೆಂಟರಿಗೆಲ್ಲ ಫೋನ್ ಮಾಡಿ ಹುಷಾರಾಗಿರಿ, ಹೊರಗೆ ಹೋಗಬೇಡಿ ಅಂತ ಉಪದೇಶ ಮಾಡುತ್ತಿದ್ದಾರೆ. ಮಗ ಹೋಗಿದ್ದ ಹಾಲ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ಅಂತ ಅವರಿಗೆ ಇನ್ನೂ ಹೊಳೆದಿಲ್ಲ.

ಅಂದಹಾಗೆ, ಕಾನ್ ಶುರುವಾದ ದಿನವೇ ಬೂಸ್ಟರ್ ಎಲ್ಲ ವಯಸ್ಕರಿಗೂ ತೆರೆದರು. ಒಂದು ತಿಂಗಳು ಮುಂಚೆ ತೆರೆದಿದ್ದರೆ ಏನಾಗುತ್ತಿತ್ತು!


ರಾತ್ರಿಪಾಳಿ_ನರ್ಸ್ (4 ಡಿಸೆಂಬರ್ 2021)

ಎಲ್ಲರೂ ಆರಾಮ ಅಂತ ಕೇಳಿ ಖುಷಿಯಾಯಿತು. ಆದರೆ ನೆಗೆಟಿವ್ ಬಂತು ಅಂದ ಮಾತ್ರಕ್ಕೆ ಹೋಗಿದ್ದು ಸರಿ ಅಂತ ಲೆಕ್ಕ ಹಾಕಬೇಡಿ. ಆ ಮಿನ್ನೆಸೋಟಾದವರ ಜೊತೆ ತಿರುಗಾಡಿದ ಗುಂಪಿನಲ್ಲಿ ಸುಮಾರು ಮೂವತ್ತು ಜನರಿದ್ದರಂತೆ, ಅವರಲ್ಲಿ ಅರ್ಧದಷ್ಟು ಜನರಿಗೆ ಪಾಸಿಟಿವ್. ಅವರೂ ಲಸಿಕೆ ಕಾರ್ಡು ತೋರಿಸಿಯೇ ಒಳಗೆ ಬಂದವರು. ನಿಮ್ಮನ್ನು ಕಾಪಾಡಿದ್ದು ಜರ್ಸಿ ಸಿಟಿಯ ಖಾಲಿ ಮನೆ. ಅಂಥ ಮನೆ ಎಲ್ಲರಿಗೂ ಸಿಗಲ್ಲ.


ಸಾಲಿನಲ್ಲಿ_ನಿಂತವ (20 ಫೆಬ್ರವರಿ 2022)

ಹಳೇ ಥ್ರೆಡ್ ಎಬ್ಬಿಸುತ್ತಿದ್ದೇನೆ, ಕ್ಷಮಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಈ ಕಾನ್ ಮೇಲೆ ವರದಿ ಬಿಟ್ಟಿದ್ದಾರೆ. ಬಂದವರಲ್ಲಿ 4,560 ಜನರ ಟೆಸ್ಟ್ ಫಲಿತಾಂಶ ಸಿಕ್ಕಿದೆ, 119 ಪಾಸಿಟಿವ್, ಅಂದರೆ ನೂರಕ್ಕೆ 2.6. ಆಗ ನ್ಯೂಯಾರ್ಕ್ ನಗರದಲ್ಲಿ ಇದ್ದದ್ದೂ ಹೆಚ್ಚುಕಮ್ಮಿ ಅಷ್ಟೇ. ಕಾನ್‌ನಲ್ಲಿ ಒಮಿಕ್ರಾನ್ ದೊಡ್ಡದಾಗಿ ಹರಡಿದ್ದಕ್ಕೆ ಸಾಕ್ಷಿ ಇಲ್ಲ ಅಂದಿದ್ದಾರೆ. ಪಾಸಿಟಿವ್ ಬಂದವರಲ್ಲಿ ಬಾರು, ಕರಾವೋಕೆ, ನೈಟ್‌ಕ್ಲಬ್ಬಿಗೆ ಹೋದವರು, ಒಳಗೆ ಬೇರೆಯವರ ಹತ್ತಿರ ಕೂತು ತಿಂದವರು ಜಾಸ್ತಿ. ಬಣ್ಣದ ಡಬ್ಬಿ ಅವರು ನವೆಂಬರ್‌ನಲ್ಲೇ ಹೇಳಿದ್ದು ಇದನ್ನೇ!


ಬಣ್ಣದ_ಡಬ್ಬಿ (20 ಫೆಬ್ರವರಿ 2022)

ಸಿಡಿಸಿಯವರು ನನ್ನನ್ನು ಕೇಳಿದ್ದರೆ ಇಷ್ಟು ಖರ್ಚು ಆಗುತ್ತಿರಲಿಲ್ಲ. 😄 ನನಗೇನೂ ಆಗಲಿಲ್ಲ. ಪ್ರಿಂಟು ಶನಿವಾರವೇ ಖಾಲಿಯಾಯಿತು. ಎರಡು ವರ್ಷ ಖರ್ಚು ಮಾಡದೆ ಕೂತಿದ್ದ ಜನ, ಕೈ ಬಿಚ್ಚಿದರು.


ರಾತ್ರಿಪಾಳಿ_ನರ್ಸ್ (21 ಫೆಬ್ರವರಿ 2022)

ವರದಿ ಓದಿದೆ. ಒಳ್ಳೆಯ ಸುದ್ದಿಯೇ. ಎರಡು ವಿಷಯ ಮರೆಯಬೇಡಿ. ಲಸಿಕೆ, ಮಾಸ್ಕ್, ಗಾಳಿಯ ವ್ಯವಸ್ಥೆ ಎಲ್ಲ ಒಟ್ಟಿಗೆ ಇದ್ದಾಗ ಬಂದ ಫಲ ಇದು. ಮುಂದಿನ ಕಾನ್‌ನವರು ಮಾಸ್ಕ್ ತೆಗೆದುಹಾಕಿದರೆ ಈ 2.6 ನಿಮಗೆ ಲಾಗೂ ಆಗಲ್ಲ. ಮತ್ತೆ ಆ ದಿನಗಳಲ್ಲಿ ಹೆಚ್ಚಾಗಿ ಇದ್ದದ್ದು ಡೆಲ್ಟಾ. ಜನವರಿಯಲ್ಲಿ ನಮ್ಮ ವಾರ್ಡು ಹೇಗಿತ್ತು ಅಂತ ನನಗೆ ಗೊತ್ತು, ಒಮಿಕ್ರಾನ್ ಹಬ್ಬಿದ ಆ ವಾರ ಇದೇ ಕಾನ್ ಇದ್ದಿದ್ದರೆ ಲೆಕ್ಕ ಏನಾಗುತ್ತಿತ್ತೋ.


ಬಾಸ್ಟನ್_ಭಾವ (21 ಫೆಬ್ರವರಿ 2022)

ಇಡೀ ಥ್ರೆಡ್ ಓದಿದೆ. ಮೇ ಕೊನೆಗೆ ಅನಿಮೆ ಬಾಸ್ಟನ್ ಇದೆ. ನಮ್ಮ ಮನೆಯಲ್ಲಿ ವಯಸ್ಸಾದವರು ಇಲ್ಲ, ಆದರೆ ಹೆಂಡತಿ ಬಸುರಿ. ಅವಳು ಬರಲ್ಲ, ನಾನೊಬ್ಬನೇ ಹೋಗುವುದು. ಅಕ್ಕ, ಏನು ಹೇಳುತ್ತೀರಿ?


ರಾತ್ರಿಪಾಳಿ_ನರ್ಸ್ (21 ಫೆಬ್ರವರಿ 2022)

ಮೇ ಕೊನೆಗೆ ಎಷ್ಟನೇ ತಿಂಗಳಾಗುತ್ತದೆ? ಅವರಿಗೆ ಬೂಸ್ಟರ್ ಆಗಿದೆಯಾ? ಹೆರಿಗೆ ಡಾಕ್ಟರನ್ನು ಕೇಳಿದಿರಾ? ಇದನ್ನೆಲ್ಲ ಬರೆದು ಹೊಸ ಥ್ರೆಡ್ ಹಾಕಿ. ನಾಳೆ ಬೆಳಗ್ಗೆ ಪಾಳಿ ಮುಗಿಸಿ ನೋಡುತ್ತೇನೆ.